ಐದೂವರೆಯ ರಕ್ತ

ಕಳೆದ ಶುಕ್ರವಾರ ಅಲ್ ಕುಸೈಸಿನ ಒಂದು ಶಾಲೆಯ ಸಭಾಂಗಣದಲ್ಲಿ ನಮ್ಮ ಡಾಕ್ಟರರಿಗೆ ಸಂತಾಪ ಸಭೆ ಇಟ್ಟಿದ್ದರು. ಅಲ್ಲಿ ನಡೆದದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ವೇದಿಕೆಯ ಹಿಂದಿನ ಪರದೆಯ ಮೇಲೆ ಅವರ ಫೋಟೋ ಹಾಕಿದ್ದರು, ಅದು ಸರಿ. ಆದರೆ ಫೋಟೋದ ಪಕ್ಕದಲ್ಲಿ ರಕ್ತಪರೀಕ್ಷೆಯ ಲೆಕ್ಕದ ಒಂದು ನಕ್ಷೆ, ಅದರ ಕೆಳಗೆ ದೊಡ್ಡ ಅಕ್ಷರದಲ್ಲಿ 'ಬಿಸಿಲಿನಲ್ಲಿ ದುಡಿಯುವವರ ಮೂತ್ರಪಿಂಡ: ಒಂದು ಮಹಾನ್ ಸಂಶೋಧನೆ' ಎಂದಿತ್ತು. ಆ ನಕ್ಷೆ ಸುಳ್ಳು ಎಂದು ಊರಿಗೆಲ್ಲ ಹೇಳಿದವರೇ ಅವರು. ಹಾಗೆ ಹೇಳಿದ್ದಕ್ಕೇ ಅವರ ಕೆಲಸ ಹೋದದ್ದು. ಸತ್ತ ಮೇಲೆ ಅದನ್ನೇ ತಂದು ಅವರ ಕೊರಳಿಗೆ ಹಾರದ ಹಾಗೆ ಹಾಕಿದ್ದರು. ಆ ಸುಳ್ಳನ್ನು ಬರೆದ ಕೈ ಯಾರದು ಎಂಬುದು ಇಡೀ ಸಭೆಯಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೆ.

ನಾನು ಬಂಟ್ವಾಳದ ಕಡೆಯವನು. ದುಬೈಯ ಒಂದು ಖಾಸಗಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಡಾಕ್ಟರರು ಕಾರ್ಕಳದ ಹತ್ತಿರದ ಕ್ರೈಸ್ತ ಮನೆತನದವರು, ಮನೆಮಾತು ಕೊಂಕಣಿ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗಲೂ ಅವರಿಗೆ ಹೆಸರಿನ ಹುಚ್ಚಿರಲಿಲ್ಲ. ಬಾಗಿಲಿಗೆ ಹಾಕಿದ್ದ ಹಿತ್ತಾಳೆಯ ಫಲಕವನ್ನು ತೆಗೆಸಿ, ಆ ಜಾಗದಲ್ಲಿ 'ಬುತ್ತಿ ತಂದವರು ಮೊದಲು ಒಳಗೆ ಬನ್ನಿ' ಎಂದು ನಾಲ್ಕು ಭಾಷೆಯಲ್ಲಿ ಬರೆದು ಅಂಟಿಸಿದ್ದರು.

ಕುಳ್ಳಗಿನ ಹೆಂಗಸು. ಕ್ಯಾನ್ವಾಸ್ ಬೂಟು, ಹತ್ತಿಯ ಚೂಡಿದಾರ, ಎಡಗೈಯಲ್ಲಿ ಗಂಡಸರ ದೊಡ್ಡ ಗಡಿಯಾರ. ಅದರ ಮುಖವನ್ನು ಮಣಿಕಟ್ಟಿನ ಒಳಬದಿಗೆ ತಿರುಗಿಸಿ ಕಟ್ಟುತ್ತಿದ್ದರು. ಯಾವ ಕಾಗದ ಮುಂದಿಟ್ಟರೂ ಮೊದಲು ಅಂಗೈ ಮೇಲೆ ಮಾಡಿ ಗಡಿಯಾರ ನೋಡಿ ಮೂಲೆಯಲ್ಲಿ ಗಂಟೆ ಬರೆಯುವರು, ಸಹಿ ಆಮೇಲೆ. ನಮ್ಮ ಚಹಾದ ಕೋಣೆಯ ಫ್ರಿಜ್‌ನಲ್ಲಿದ್ದ ಹಾಲಿನ ಪ್ಯಾಕೆಟಿನ ಮೇಲೂ ಒಡೆದ ಗಂಟೆ ಬರೆದಿರುತ್ತಿತ್ತು. ನಾವು ಹಿಂದಿನಿಂದ ನಗುತ್ತಿದ್ದೆವು. 'ಡಾಕ್ಟ್ರು ಮದುವೆ ಆಗ್ಲಿಲ್ಲ ಯಾಕೆ ಗೊತ್ತುಂಟಾ? ಗಂಡು ನೋಡ್ಲಿಕ್ಕೆ ಬಂದವ ಎರಡು ನಿಮಿಷ ತಡ ಮಾಡಿದ' ಎಂಬ ಜೋಕು ನನ್ನದೇ. ಅದು ಅವರ ಕಿವಿಗೂ ಬಿದ್ದಿತ್ತು. 'ಎರಡಲ್ಲ ಮಾರಾಯ್ರೆ, ಇಪ್ಪತ್ತು' ಎಂದು ತಿದ್ದಿ ಹೋದರು.

ಮೂತ್ರಪಿಂಡ ಕೆಟ್ಟವರ ಮೈಯಲ್ಲಿ ಸುಣ್ಣ ಮತ್ತು ರಂಜಕದ ಲೆಕ್ಕ ಹೇಗೆ ತಪ್ಪುತ್ತದೆ ಎಂಬುದೇ ಅವರ ಜೀವಮಾನದ ಅಧ್ಯಯನ. ನಾವು ತಿನ್ನುವ ಮೀನು, ಬೇಳೆ, ಹಾಲು ಎಲ್ಲದರಲ್ಲೂ ಈ ರಂಜಕ ಫಾಸ್ಫೇಟ್ ರೂಪದಲ್ಲಿ ಇರುತ್ತದೆ. ಬೇಡದ್ದನ್ನು ಮೂತ್ರಪಿಂಡ ಹೊರಗೆ ಹಾಕುತ್ತದೆ. ಅದು ಕೈಕೊಟ್ಟರೆ ಫಾಸ್ಫೇಟ್ ರಕ್ತದಲ್ಲೇ ಉಳಿದು, ಎಲುಬಿನ ಸುಣ್ಣವನ್ನು ಹೊರಗೆಳೆದು ರಕ್ತನಾಳದ ಗೋಡೆಗೆ ಮೆತ್ತುತ್ತದೆ. ಅವರ ಕೋಣೆಯ ಕಿಟಕಿಯ ಗಾಜಿಗೆ ಒಂದು ಎಕ್ಸ್‌ರೇ ಅಂಟಿಸಿದ್ದರು. ಯಾರದೋ ಕೈ. ಎಲುಬು ಮಂಕಾಗಿ, ಕಾಣಬಾರದ ರಕ್ತನಾಳ ಬಿಳಿ ದಾರದ ಹಾಗೆ ಎದ್ದು ಕಾಣುತ್ತಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದ ನಮ್ಮನ್ನೆಲ್ಲ ಅದರ ಮುಂದೆ ಒಮ್ಮೆ ನಿಲ್ಲಿಸಿ, 'ಇದು ಕಲ್ಲಾದ ಮನುಷ್ಯ. ನೀವು ಕೊಡುವ ಒಂದೊಂದು ಸಂಖ್ಯೆ ಇಂಥವನಿಗೆ, ನೆನಪಿರ್ಲಿ' ಎನ್ನುತ್ತಿದ್ದರು. ನಾನೂ ನಿಂತು ತಲೆಯಾಡಿಸಿದವನೇ.

ಡಯಾಲಿಸಿಸ್‌ಗೆ ಬಂದವರನ್ನು ಅವರು ಏನು ತಿಂದಿರಿ ಎಂದು ಕೇಳುತ್ತಿರಲಿಲ್ಲ. 'ಕೇಳಿದ್ರೆ ಎಲ್ಲರೂ ಪಾಪದವರಾಗ್ತಾರೆ. ಗಂಜಿ, ಚಟ್ನಿ ಅಂತಾರೆ. ಬುತ್ತಿ ನೋಡ್ಬೇಕು' ಎಂದು ಚಮಚ ಹಿಡಿದು ಕೂರುತ್ತಿದ್ದರು. ದೇರಾದಲ್ಲಿ ಬಟ್ಟೆ ವ್ಯಾಪಾರ ಮಾಡುವ ಭಟ್ಕಳದ ಹಿರಿಯರೊಬ್ಬರು ಬರುತ್ತಿದ್ದರು. ಒಮ್ಮೆ ಅವರ ಅನ್ನದ ಅಡಿಯಲ್ಲಿ ಚಮಚಕ್ಕೆ ಏನೋ ತಾಗಿತು.

'ಇದೆಂತ ಅಡಗಿಸಿದ್ದು ಸಾಹೇಬ್ರೆ?'

'ಸ್ವಲ್ಪ ಒಣಮೀನು ಡಾಕ್ಟರ್. ಬಾಯಿರುಚಿಗೆ.'

'ಮುಳ್ಳು ಸಮೇತ ಜಗಿತೀರಾ?'

'ಅದೇ ಅಲ್ವಾ ರುಚಿ!'

ಡಾಕ್ಟರರು ಬೈಯಲಿಲ್ಲ. ಒಂದು ತುಂಡು ತಾವೂ ತಿಂದು, ವಾರಕ್ಕೊಮ್ಮೆ, ಮುಳ್ಳು ಬಿಟ್ಟು, ಮಾತ್ರೆಯನ್ನು ಮೊದಲ ತುತ್ತಿನ ಜೊತೆ ಎಂದು ಕಟ್ಟುಮಾಡಿದರು. ಆ ಮಾತ್ರೆಯ ಕೆಲಸ ಊಟದಲ್ಲಿರುವ ಫಾಸ್ಫೇಟನ್ನು ಹೊಟ್ಟೆಯಲ್ಲೇ ಹಿಡಿದುಕೊಳ್ಳುವುದು. ಊಟವಿಲ್ಲದೆ ನುಂಗಿದರೆ ಏನೂ ಮಾಡುವುದಿಲ್ಲ. ಔಷಧಿ ಅಂಗಡಿಯವರು ಡಬ್ಬಿಯ ಮೇಲೆ ದಿನಕ್ಕೆ ಮೂರು ಸಲ ಎಂದು ಅಂಟಿಸಿ ಕೈತೊಳೆದುಕೊಳ್ಳುತ್ತಿದ್ದರು. ಕಂಪನಿಯ ಕೂಲಿಕಾರರ ಕ್ಯಾಂಪಿನಲ್ಲಿರುವವನಿಗೆ ದಿನಕ್ಕೆ ಎರಡೇ ಊಟ. ಮೂರನೆಯದನ್ನು ಅವನು ಶಿಸ್ತಾಗಿ ಖಾಲಿ ಹೊಟ್ಟೆಗೆ ಹಾಲಿಲ್ಲದ ಸುಲೈಮಾನಿ ಚಹಾದ ಜೊತೆ ನುಂಗುವನು. ಇದನ್ನು ಕಂಡುಹಿಡಿದ ದಿನ ಡಾಕ್ಟರರು ಔಷಧಿ ಅಂಗಡಿಗೆ ಹೋಗಿ ಕೌಂಟರಿನ ಮೇಲೆ ಡಬ್ಬಿ ಕುಕ್ಕಿದ ಸದ್ದು ಲ್ಯಾಬಿನವರೆಗೆ ಕೇಳಿತ್ತು.

ಮೆಟ್ರೋದ ಹಸಿರು ಮಾರ್ಗ ಶುರುವಾದ ಮರುವರ್ಷ ಅವರು ಹೊಸ ಅಧ್ಯಯನವೊಂದಕ್ಕೆ ಕೈಹಾಕಿದರು. ಜೆಬೆಲ್ ಅಲಿಯ ಕ್ಯಾಂಪುಗಳಲ್ಲಿ, ಕಾಯಿಲೆ ಎಂದು ಯಾವತ್ತೂ ಆಸ್ಪತ್ರೆ ಕಾಣದ, ಬಿಸಿಲಿನಲ್ಲಿ ದುಡಿಯುವ ಜನರ ರಕ್ತ ನೋಡುವುದು. ಮೂತ್ರಪಿಂಡ ಪೂರ್ತಿ ಕೆಡುವ ಮೊದಲೇ ಸುಳಿವು ಸಿಗುತ್ತದೆಯೇ ಎಂಬುದು ಪ್ರಶ್ನೆ. ಒಂಬತ್ತರ ಹೊತ್ತಿಗೆ ತೆಗೆಯುತ್ತೇವೆ ಎಂದು ಕಂಪನಿಯವರು ಡಾಕ್ಟರರಿಗೆ ಹೇಳಿದ್ದರು, ಆದರೆ ಬೆಳಿಗ್ಗೆ ಕಂಪನಿಯ ಬಸ್ಸು ಹೊರಡುವ ಮೊದಲು, ಐದೂವರೆಗೇ, ಕ್ಯಾಂಪಿನ ನರ್ಸ್ ರಕ್ತ ತೆಗೆಯುವರು. ನಮ್ಮ ವ್ಯಾನು ಅದನ್ನು ತರುವುದು. ತೆಗೆದ ರಕ್ತವನ್ನು ಬೇಗ ಯಂತ್ರದಲ್ಲಿ ತಿರುಗಿಸಿ, ಕೆಂಪು ಕಣ ಬೇರೆ, ಮೇಲಿನ ತಿಳಿ ಬೇರೆ ಮಾಡಬೇಕು. ಹಾಗೇ ಬಿಟ್ಟರೆ, ಅದೂ ಸೆಕೆಯಲ್ಲಿ, ಕಣ ಒಡೆದು ಒಳಗಿನ ಫಾಸ್ಫೇಟ್ ತಿಳಿಗೆ ಸೇರುತ್ತದೆ. ಇದನ್ನು ಡಿಪ್ಲೊಮಾದ ಮೊದಲ ವರ್ಷದಲ್ಲೇ ಕಲಿಸುತ್ತಾರೆ. ನಾನೂ ಕಲಿತಿದ್ದೆ.

ವ್ಯಾನು ಓಡಿಸುತ್ತಿದ್ದವರು ಶಿರಾಲಿಯ ಇಸ್ಮಾಯಿಲ್ ಭಾಯಿ. ಒಳ್ಳೆ ಮನುಷ್ಯ. ಅವರಿಗೆ ಜೆಬೆಲ್ ಅಲಿಯಿಂದ ನೇರ ಬರುವ ಭಾಗ್ಯ ಇರಲಿಲ್ಲ. ದಾರಿಯಲ್ಲಿ ಇನ್ನೂ ಮೂರು ಕ್ಲಿನಿಕ್‌ಗಳ ಪೆಟ್ಟಿಗೆ ಎತ್ತಬೇಕು, ಮೇಲಿಂದ ಟ್ರಾಫಿಕ್ಕು. ಹಿಂಬದಿಯ ಎ.ಸಿ. ಕೆಟ್ಟು ತಿಂಗಳುಗಳಾಗಿದ್ದವು, ಹೇಳಿದರೆ ಕೇಳುವವರಿರಲಿಲ್ಲ. ಲ್ಯಾಬಿಗೆ ತಲುಪುವಾಗ ಹತ್ತು ದಾಟಿರುತ್ತಿತ್ತು. ಎರಡು ಗಂಟೆ ಮೀರಿದ ರಕ್ತವನ್ನು ನಮ್ಮ ಕಂಪ್ಯೂಟರ್ ತೆಗೆದುಕೊಳ್ಳುವುದಿಲ್ಲ. ತೆಗೆದುಕೊಳ್ಳದಿದ್ದರೆ ಡ್ರೈವರಿಗೆ ಮೆಮೊ. ಮೂರು ಮೆಮೊ ಆದರೆ ವೀಸಾ ರದ್ದು.

'ಎರಡು ಮೆಮೊ ಆಯ್ತು ಭಾಯಿ. ಇನ್ನೊಂದು ಬಂದ್ರೆ ಖಲಾಸ್. ಎಂತಾದ್ರೂ ಮಾಡಿ' ಎಂದು ಒಂದು ದಿನ ಕೈಮುಗಿದರು. ಕ್ಯಾಂಪಿನ ನರ್ಸ್ ಅವಸರದಲ್ಲಿ ರಕ್ತ ತೆಗೆದ ಸಮಯದ ಕಾಲಮನ್ನು ಖಾಲಿ ಬಿಟ್ಟಿರುತ್ತಿದ್ದರು. ನಾನು ಅಲ್ಲಿ ಒಂಬತ್ತು ಎಂದು ಬರೆದೆ. ಮರುದಿನ ಒಂಬತ್ತೂಕಾಲು. ಆಮೇಲೆ ಅದೇ ಅಭ್ಯಾಸವಾಯಿತು. ನಮ್ಮ ಲ್ಯಾಬಿನಲ್ಲಿ ಇದನ್ನು ತಪ್ಪು ಎಂದು ಯಾರೂ ಕರೆಯುತ್ತಿರಲಿಲ್ಲ, 'ಅಡ್ಜಸ್ಟ್' ಎನ್ನುತ್ತಿದ್ದೆವು. ಪರದೇಶದಲ್ಲಿ ನಮ್ಮವರಿಗೆ ನಾವಲ್ಲದೆ ಯಾರು ಎಂದು ಒಳಗೊಳಗೇ ಬೀಗುತ್ತಿದ್ದೆ.

ಆ ರಕ್ತದಲ್ಲಿ ಫಾಸ್ಫೇಟ್ ಹೆಚ್ಚು ಬಂತು. ಬಾರದೆ ಇರುತ್ತದೆಯೇ? ಒಡೆದ ಕಣದಿಂದ ಇನ್ನೂ ಹೆಚ್ಚು ಸುರಿಯುವ ಪೊಟ್ಯಾಶಿಯಂ ನೋಡಿದ್ದರೆ ಮೊದಲ ವಾರದಲ್ಲೇ ಗುಟ್ಟು ರಟ್ಟಾಗುತ್ತಿತ್ತು, ಆ ಪರೀಕ್ಷೆ ನಮ್ಮ ಪಟ್ಟಿಯಲ್ಲಿ ಇರಲಿಲ್ಲ. ಡಾಕ್ಟರರು ಫಾರಂ ನೋಡಿದರು. ಸಮಯ ಬರೆದಿತ್ತು. ನಂಬಿದರು. ಗಂಟೆ ಬರೆದದ್ದನ್ನು ಅವರು ನಂಬದೆ ಇರುವವರೇ ಅಲ್ಲ. ಅಬುಧಾಬಿಯ ಸಮ್ಮೇಳನದಲ್ಲಿ ಅವರು ಅದನ್ನು ಮಂಡಿಸಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ. ಅವರಿಗೊಂದು ಗಾಜಿನ ಫಲಕ ಸಿಕ್ಕಿತು. ನಮ್ಮ ಆಡಳಿತಾಧಿಕಾರಿಗೆ ಅದಕ್ಕಿಂತ ದೊಡ್ಡದು ಸಿಕ್ಕಿತು. ಕ್ಯಾಂಪುಗಳ ಕಂಪನಿಗಳಿಗೆ 'ಮೂತ್ರಪಿಂಡ ತಪಾಸಣೆ ಪ್ಯಾಕೇಜ್' ಮಾರತೊಡಗಿದರು. ಫಾಸ್ಫೇಟ್ ಹೆಚ್ಚು ಬಂದವನ ಹೆಸರಿನ ಮುಂದೆ ಕೆಂಪು ಗುರುತು. ಕೆಂಪು ಗುರುತಿನವನನ್ನು ಇಟ್ಟುಕೊಂಡು ನಾಳೆ ಡಯಾಲಿಸಿಸ್ ಕೊಡಿಸುವ ದರ್ದು ಯಾವ ಕಂಪನಿಗಿದೆ?

ಹಾಗೆ ಕೆಂಪು ಗುರುತು ಬಿದ್ದವರಲ್ಲಿ ಬೈಂದೂರು ಕಡೆಯ ಶೀನನೂ ಒಬ್ಬ. ಕಂಬಿ ಕಟ್ಟುವ ಕೆಲಸದವನು, ಕಲ್ಲುಗುಂಡಿನಂಥ ಆಳು. ಕೆಲಸಕ್ಕೆ ಅನರ್ಹ ಎಂಬ ಚೀಟಿ ಹಿಡಿದುಕೊಂಡು, ಯಾರ ಮಾತೂ ಕೇಳದೆ ಡಾಕ್ಟರರ ಕೋಣೆಗೆ ನುಗ್ಗಿದ್ದ. ಬಾಗಿಲಿನ ಮೇಲಿನ ಬರಹ ಓದಿ ಬುತ್ತಿಯನ್ನೂ ತಂದಿದ್ದ.

'ನಂಗ್ ಎಂತ ಆಯ್ತ್ ಅಮ್ಮ? ನೋವಿಲ್ಲೆ, ಬಾವಿಲ್ಲೆ. ಊರಿಗ್ ಹೋಯ್ಕ್ ಅಂತ್ರ್.'

ಡಾಕ್ಟರರು ಬುತ್ತಿ ಕೆದಕಿದರು. ಅನ್ನ, ಬದನೆಕಾಯಿ ಹುಳಿ, ಅಷ್ಟೇ. ಮೂತ್ರಪಿಂಡದ ಉಳಿದ ಪರೀಕ್ಷೆಗಳೆಲ್ಲ ಸರಿಯಿದ್ದವು. ಅವರ ಹುಬ್ಬು ಗಂಟಿಕ್ಕಿತು. 'ಈ ಬುತ್ತಿಗೂ ಈ ಸಂಖ್ಯೆಗೂ ಹೊಂದುದಿಲ್ಲ' ಎಂದು ಅಲ್ಲೇ ರಕ್ತ ತೆಗೆಸಿ, ತಾವೇ ಟ್ಯೂಬು ಹಿಡಿದುಕೊಂಡು ಲ್ಯಾಬಿಗೆ ಬಂದರು. ನಾನು ಕೂಡಲೇ ತಿರುಗಿಸಿ ಪರೀಕ್ಷೆ ಮಾಡಿದೆ. ಫಾಸ್ಫೇಟ್ ಸರಿಯಾಗಿತ್ತು. ಯಾಕೆಂದು ನನಗೆ ಗೊತ್ತಿತ್ತು, ಆದರೂ ಬರೀ ರಿಪೋರ್ಟನ್ನು ಅವರ ಕೈಗೆ ಕೊಟ್ಟೆ. ಹೊಸ ರಿಪೋರ್ಟ್ ಕ್ಯಾಂಪಿಗೆ ತಲುಪುವಾಗ ಶೀನನನ್ನು ವಿಮಾನ ಹತ್ತಿಸಿ ಆಗಿತ್ತು.

ಆಮೇಲೆ ಡಾಕ್ಟರರು ಮಾಡಿದ ಕೆಲಸ ಅವರಲ್ಲದೆ ಬೇರೆ ಯಾರೂ ಮಾಡುತ್ತಿರಲಿಲ್ಲ. ಆಗಸ್ಟಿನ ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಜೆಬೆಲ್ ಅಲಿಗೆ ಹೋಗಿ, ಕೆಲಸಗಾರರ ಸಾಲಿನಲ್ಲಿ ನಿಂತು ತಮ್ಮದೇ ರಕ್ತ ಕೊಟ್ಟರು. ಎಲ್ಲರಂತೆ ಅವರ ಟ್ಯೂಬಿಗೂ ಬರೀ ನಂಬರು. ಅದನ್ನು ಉಳಿದವುಗಳ ಜೊತೆ ಪೆಟ್ಟಿಗೆಯಲ್ಲಿಟ್ಟು, ಇಸ್ಮಾಯಿಲ್ ಭಾಯಿಯ ಪಕ್ಕದ ಸೀಟಿನಲ್ಲಿ ಕೂತು, ಆ ಮೂರು ಕ್ಲಿನಿಕ್ಕು, ಆ ಟ್ರಾಫಿಕ್ಕು ಎಲ್ಲ ಸುತ್ತಿ ಬಂದರು. ಹೊರಗೆ ಇಳಿದವರು ಯಾರಿಗೂ ಹೇಳಬೇಡಿ ಎಂದು ಇಸ್ಮಾಯಿಲ್ ಭಾಯಿಗೆ ತಾಕೀತು ಮಾಡಿ ನೇರ ತಮ್ಮ ಕೋಣೆಗೆ ಹೋದರು, ನನಗೆ ಸುದ್ದಿಯೇ ಇಲ್ಲ. ನಾನು ಎಂದಿನಂತೆ ಪೆಟ್ಟಿಗೆ ತೆರೆದು ಸಾಲಾಗಿ ಒಂಬತ್ತು, ಒಂಬತ್ತು, ಒಂಬತ್ತು ಎಂದು ಬರೆಯುತ್ತಾ ಹೋದೆ.

ಮಧ್ಯಾಹ್ನ ಕರೆ ಬಂತು. ಮೇಜಿನ ಮೇಲೆ ಒಂದೇ ಒಂದು ಫಾರಂ.

'ಈ ನಂಬರಿನವರಿಗೆ ಫಾಸ್ಫೇಟ್ ತುಂಬ ಉಂಟು. ಊರಿಗೆ ಕಳಿಸ್ಬೇಕಲ್ವಾ?'

'ಹೌದು ಡಾಕ್ಟ್ರೆ' ಎಂದೆ.

'ಅದು ನನ್ನದು.' ತೋಳು ಮಡಚಿ ಹತ್ತಿ ಅಂಟಿಸಿದ ಜಾಗ ತೋರಿಸಿದರು. 'ಐದೂವರೆಗೆ ತೆಗ್ದದ್ದು. ನಾನೇ ಗಡಿಯಾರ ನೋಡಿದ್ದೇನೆ. ಇಲ್ಲಿ ಒಂಬತ್ತು ಅಂತ ಯಾರು ಬರೆದದ್ದು?'

ನಾನೇ ಎಂದೆ. ಇಸ್ಮಾಯಿಲ್ ಭಾಯಿಯ ಮೆಮೊ, ಕಂಪ್ಯೂಟರಿನ ಎರಡು ಗಂಟೆ, ಅಡ್ಜಸ್ಟ್ ಎಲ್ಲ ಹೇಳಿದೆ. ಪಾಪದವನು, ಹೆಂಡತಿ ಮಕ್ಕಳು ಊರಲ್ಲಿ ಎಂದೂ ಸೇರಿಸಿದೆ.

'ಎಷ್ಟು ಸಮಯದಿಂದ?'

'ಮೊದಲಿನಿಂದ್ಲೂ.'

ಅವರು ಕೂಗಾಡಿದ್ದರೆ ಒಳ್ಳೆಯದಿತ್ತು. ಕೆಂಪು ಗುರುತಿನ ಪಟ್ಟಿ ಎಳೆದುಕೊಂಡು, ಬೆರಳಿಟ್ಟು ಕೊಂಕಣಿಯಲ್ಲಿ ಎಣಿಸಿದರು. ಏಕ್, ದೋನ್, ತೀನ್ ಎಂದು ಸಾತ್‌ವರೆಗೆ. 'ಒಬ್ಬನ ಕೆಲಸ ಉಳಿಸ್ಲಿಕ್ಕೆ ಏಳು ಜನರನ್ನು ಕಳಿಸಿದ್ರಿ ನೀವು. ನಿಮ್ಮ ಸಹಿಯ ಮೇಲೆ ನನ್ನ ಸಹಿ. ಹೋಗಿ, ಕೆಲಸ ನೋಡಿ' ಎಂದರು. ಆ ದಿನ ನನಗೆ ಸಿಟ್ಟು ಬಂದದ್ದು ಅವರ ಮೇಲೆಯೇ. ಲ್ಯಾಬಿಗೆ ಬಂದು, ಡಾಕ್ಟರುಗಳಿಗೆ ಬಡವರ ಕಷ್ಟ ಏನು ಗೊತ್ತು ಎಂದು ಗೊಣಗಿದ್ದೆ. ನಾಚಿಕೆಗೇಡಿನ ಮಾತು, ಆದರೂ ಆಡಿದ್ದು ಹೌದು.

ಅವರು ಮರುದಿನವೇ ಆಡಳಿತಾಧಿಕಾರಿಯ ಮುಂದೆ ಹೋದರು. ಆ ಮನುಷ್ಯ ನಮ್ಮ ಊರಿನ ಕಡೆಯವನೇ. ಬಾಗಿಲು ತೆರೆದಿತ್ತು, ಮಾತು ಕಾರಿಡಾರಿಗೆ ಕೇಳುತ್ತಿತ್ತು.

'ಡಾಕ್ಟರ್, ಅವಾರ್ಡ್ ಬಂದಾಗಿದೆ, ಕಂಪನಿಗಳು ಪ್ಯಾಕೇಜ್ ತಗೊಂಡಾಗಿದೆ. ಮುಂದಿನ ಪೇಪರಿನಲ್ಲಿ ಒಂದು ಫುಟ್‌ನೋಟ್ ಹಾಕಿ ಬಿಡಿ, ಮುಗೀತು.'

'ಏಳು ಜನ ಮನುಷ್ಯರನ್ನು ಊರಿಗೆ ಕಳಿಸಿದ್ದೇವೆ. ಫುಟ್‌ನೋಟ್‌ನಲ್ಲಿ ವಾಪಸು ತರ್ಲಿಕ್ಕೆ ಆಗ್ತದಾ ನಿಮ್ಗೆ?'

ಸಮ್ಮೇಳನದವರಿಗೆ, ಅಧ್ಯಯನ ಅಚ್ಚಾದ ವೈದ್ಯಕೀಯ ಪತ್ರಿಕೆಗೆ, ಒಂದೊಂದು ಕಂಪನಿಗೆ ಅವರೇ ಪತ್ರ ಬರೆದರು. ಗಾಜಿನ ಫಲಕವನ್ನು ಬಟ್ಟೆಯಲ್ಲಿ ಸುತ್ತಿ ಹಿಂದಕ್ಕೆ ಕಳಿಸಿದರು. ಎಲ್ಲ ಪತ್ರದಲ್ಲೂ ಒಂದೇ ವಾಕ್ಯ: ರಕ್ತ ತೆಗೆದ ಸಮಯವನ್ನು ತಪ್ಪಾಗಿ ದಾಖಲಿಸಲಾಗಿದೆ, ಮೇಲ್ವಿಚಾರಣೆ ನನ್ನದು, ಹೊಣೆಯೂ ನನ್ನದು. ನನ್ನ ಹೆಸರು ಎಲ್ಲೂ ಇರಲಿಲ್ಲ. ಪ್ಯಾಕೇಜು ನಿಂತಿತು. ಎರಡು ತಿಂಗಳಲ್ಲಿ ಅವರ ಕರಾರನ್ನು ನವೀಕರಿಸುವುದಿಲ್ಲ ಎಂಬ ಕಾಗದ ಬಂತು. ಇಷ್ಟು ವರ್ಷ ಅವರ ದುಡಿಮೆಯಲ್ಲಿ ಹೆಸರು ಮಾಡಿದ ಆಸ್ಪತ್ರೆ ಒಂದು ಬೀಳ್ಕೊಡುಗೆಯ ಚಹಾ ಕೂಡ ಇಡಲಿಲ್ಲ. ವ್ಯಾನಿನ ಎ.ಸಿ. ಮಾತ್ರ ರಿಪೇರಿಯಾಯಿತು.

ಅವರು ಫ್ಲ್ಯಾಟು ಖಾಲಿ ಮಾಡುವ ದಿನ ಪೆಟ್ಟಿಗೆ ಕಟ್ಟಲು ಹೋಗಿದ್ದೆ. ಎಕ್ಸ್‌ರೇಯನ್ನು ಪತ್ರಿಕೆಯಲ್ಲಿ ಸುತ್ತುತ್ತಿದ್ದರು. ತಡೆಯಲಾಗದೆ ಕೇಳಿದೆ. 'ನನ್ನ ಹೆಸರು ಯಾಕೆ ಬರೀಲಿಲ್ಲ ಡಾಕ್ಟ್ರೆ?'

'ಇಸ್ಮಾಯಿಲ್ ಹೋಗ್ತಿದ್ರು, ನೀವು ಹೋಗ್ತಿದ್ರಿ. ಏಳರ ಮೇಲೆ ಇನ್ನೆರಡು ಬೇಡ ಅಂತ.' ಸ್ವಲ್ಪ ಹೊತ್ತು ಟೇಪು ಅಂಟಿಸಿದರು. 'ಮತ್ತೆ, ಅದನ್ನು ನೀವೇ ಬರೀಬೇಕು ಮಾರಾಯ್ರೆ. ಜಾಗ ಖಾಲಿ ಬಿಟ್ಟಿದ್ದೇನೆ. ಖಾಲಿ ಜಾಗ ತುಂಬ್ಸುದರಲ್ಲಿ ನೀವು ಹುಷಾರಲ್ವಾ?'

ಅವರು ನಕ್ಕರು. ನನಗೆ ನಗು ಬರಲಿಲ್ಲ.

ಊರಿಗೆ ಹೋದವರು ಮೊದಲು ಮಾಡಿದ್ದು ಆ ಏಳು ಜನರನ್ನು ಹುಡುಕುವ ಕೆಲಸ. ಇಬ್ಬರು ಬಿಹಾರದವರು, ಸಿಗಲೇ ಇಲ್ಲ. ಉಳಿದವರಿಗೆ ಪತ್ರ ಬರೆದರು. ಶೀನನ ಮನೆಗೆ ಬೈಂದೂರಿಗೆ ತಾವೇ ಹೋದರು. ಇದನ್ನು ಶೀನನೇ, ಡಾಕ್ಟರರಿಂದ ನನ್ನ ನಂಬರು ಪಡೆದು, ನನಗೆ ಫೋನಿನಲ್ಲಿ ಹೇಳಿದ್ದು. ಕಿಡ್ನಿ ಹೋಗಿದೆ ಎಂದು ಅವನು ಆರೇಳು ತಿಂಗಳಿನಿಂದ ಮೀನು, ಬೇಳೆ ಬಿಟ್ಟು, ಬರೀ ತಿಳಿಗಂಜಿಯಲ್ಲಿ ಬಡಕಲಾಗಿದ್ದನಂತೆ. ಕಿಡ್ನಿಯವನು ಎಂದು ಬೋಟಿನವರೂ ಕೆಲಸಕ್ಕೆ ಕರೆಯುತ್ತಿರಲಿಲ್ಲ. ಡಾಕ್ಟರರು ಅವನ ಹೆಂಡತಿಗೆ ಬಂಗುಡೆ ಸಾರು ಮಾಡಲು ಹೇಳಿ, ಬಾಳೆಲೆಯಲ್ಲಿ ಅವನ ಎದುರೇ ಕೂತು, 'ತಿನ್ನಿ, ನಾನು ನೋಡ್ಬೇಕು' ಎಂದರಂತೆ. ಅವನು ಹೆದರಿ ಹೆದರಿ ಒಂದು ಮೀನು ತಿಂದ. ಕೈ ತೊಳೆದ ಮೇಲೆ ಡಾಕ್ಟರರು ಅವನಲ್ಲಿ ಕ್ಷಮೆ ಕೇಳಿದರು.

'ಅವ್ರ್ ಎಂತಕ್ ಕ್ಷಮೆ ಕೇಂಬುದ್ ಅಣ್ಣ? ಅವ್ರ್ ಎಂತ ಮಾಡೀರ್?' ಎಂದು ಶೀನ ನನ್ನನ್ನು ಕೇಳಿದ. ನಾನು ಸಿಗ್ನಲ್ ಸರಿ ಇಲ್ಲ ಎಂದು ಫೋನು ಇಟ್ಟೆ.

ಇದೆಲ್ಲ ಆಗಿ ವರ್ಷಗಳು ಕಳೆದವು. ಇಸ್ಮಾಯಿಲ್ ಭಾಯಿ ಕೆಲಸ ಬಿಟ್ಟು ಶಿರಾಲಿಗೆ ಹೋದರು, ಅವರ ನೆಪವೂ ನನಗೆ ಉಳಿಯಲಿಲ್ಲ. ನಾನು ಸೀನಿಯರ್ ಆದೆ. ಹೋದ ತಿಂಗಳು ಡಾಕ್ಟರರು ತೀರಿಕೊಂಡ ಸುದ್ದಿ ಬಂತು. ಅವರನ್ನು ಹೊರಗೆ ಹಾಕಿದ ಅದೇ ಆಡಳಿತಾಧಿಕಾರಿ, ಈಗ ದುಬೈಯಲ್ಲಿರುವ ಊರವರ ಸಂಘದ ಗೌರವಾಧ್ಯಕ್ಷ, ಸಭೆ ಕರೆದ.

ಸಭೆಯಲ್ಲಿ ಅವನು ಆ ನಕ್ಷೆಗೆ ಕೋಲು ಮುಟ್ಟಿಸಿ, 'ಈ ಮಹಾನ್ ಸಂಶೋಧನೆಗೆ ನಾವು ಬೆನ್ನೆಲುಬಾಗಿ ನಿಂತೆವು' ಎಂದ. ಕಣ್ಣೂ ಒರೆಸಿಕೊಂಡ. ಜುಮ್ಮಾ ನಮಾಜಿಗೆ ಮೊದಲು ಮುಗಿಸಬೇಕು, ಡಾಕ್ಟರರ ಜೊತೆ ಲ್ಯಾಬಿನಲ್ಲಿ ದುಡಿದವರು ಎರಡೇ ಮಾತು ಆಡಿ ಎಂದು ಸಂಘದವರು ಮೈಕು ನನ್ನ ಕೈಗೆ ಕೊಟ್ಟರು. ನಾನು ಪರದೆಯ ಕಡೆ ತಿರುಗಿದೆ.

'ಆ ನಕ್ಷೆ ತೆಗೀರಿ' ಎಂದೆ. 'ಅದು ಡಾಕ್ಟ್ರದ್ದಲ್ಲ, ನನ್ನದು. ಐದೂವರೆಗೆ ತೆಗ್ದ ರಕ್ತಕ್ಕೆ ಒಂಬತ್ತು ಗಂಟೆ ಅಂತ ಬರೆದದ್ದು ನಾನು. ಏಳು ಜನ ಊರಿಗೆ ಹೋದ್ರು. ಅದು ಸುಳ್ಳು ಅಂತ ಹೇಳಿದ್ದಕ್ಕೆ ಡಾಕ್ಟ್ರನ್ನು ಹೊರಗೆ ಹಾಕಿದ್ದು ಇಲ್ಲಿ ಕೂತವರೇ.'

ಗೌರವಾಧ್ಯಕ್ಷ ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟ. 'ಈಗ ಅದೆಲ್ಲ ಯಾಕೆ, ಖಲಾಸ್, ದುಃಖದಲ್ಲಿ ಏನೋ ಹೇಳ್ತಿದ್ದಾರೆ' ಎಂದು ಸಭೆಗೆ ಹೇಳಿ ಮೈಕು ಕಿತ್ತುಕೊಂಡ. ಕೆಲವರು ತಲೆ ತಗ್ಗಿಸಿದರು. ಒಬ್ಬರು ನೀರು ತಂದುಕೊಟ್ಟರು. ನಕ್ಷೆ ಅಲ್ಲೇ ಇತ್ತು.

ಬಾಗಿಲ ಬಳಿ ಸಂತಾಪದ ಪುಸ್ತಕ ಇಟ್ಟಿದ್ದರು. ಅದು ಅವರ ಮನೆಯವರಿಗೆ ಹೋಗುತ್ತದೆ ಎಂದು ಗೊತ್ತಿತ್ತು. ಒಂದು ಇಡೀ ಪುಟ ತೆಗೆದುಕೊಂಡೆ. ನಾನು ಮಾಡಿದ್ದನ್ನು ಬರೆದೆ, ಏಳು ಜನರಲ್ಲಿ ನೆನಪಿದ್ದವರ ಹೆಸರು ಬರೆದೆ, ಕೆಳಗೆ ನನ್ನ ಪೂರ್ತಿ ಹೆಸರು, ಕೆಲಸದ ನಂಬರು ಬರೆದು ಸಹಿ ಹಾಕಿದೆ. ಹಿಂದೆ ಸಾಲಿನಲ್ಲಿದ್ದವರು, ಯಲ್ಲಾ, ಬೇಗ ಎಂದು ಅವಸರ ಮಾಡುತ್ತಿದ್ದರು. ಪೆನ್ನು ಕೆಳಗಿಡುವ ಮೊದಲು ಮೂಲೆಯಲ್ಲಿ ಹನ್ನೊಂದು ಗಂಟೆ ನಲವತ್ತೆರಡು ನಿಮಿಷ ಎಂದು ಬರೆದೆ. ಈ ಸಲ ಗಡಿಯಾರ ನೋಡಿ ಬರೆದೆ.